ಉಳಿಕೆ ಯಾರದು? ಹದಿನೆಂಟನೆಯ ಶತಮಾನದ ಕ್ರೈಸ್ತ ಚಿಂತನೆಯಲ್ಲಿ ಸರಳ ಜೀವನದ ನೆಲೆಗಳು

ಅಗತ್ಯವಿರುವಷ್ಟರಲ್ಲಿಯೇ ಬದುಕುವುದನ್ನು ಸಾಧನೆಯ ಭಾಗವೆಂದು ಬಗೆದ ಪರಂಪರೆಗಳು ಜಗತ್ತಿನ ಪ್ರಮುಖ ಧರ್ಮಗಳಲ್ಲೆಲ್ಲ ಕಂಡುಬರುತ್ತವೆ. ಕ್ರೈಸ್ತ ಧರ್ಮದ ಸಂದರ್ಭದಲ್ಲಿ ಈ ಮಾತು ಬಂದಾಗ ಈಜಿಪ್ಟಿನ ಮರುಭೂಮಿಯ ವಿರಕ್ತರು, ಮಧ್ಯಯುಗದ ಮಠವಾಸಿಗಳು, ಅಸ್ಸೀಸಿಯ ಸಂತ ಫ್ರಾನ್ಸಿಸ್ ಮೊದಲಾದವರು ನೆನಪಾಗುವುದು ಸಹಜ. ಇವರೆಲ್ಲರೂ ಲೋಕವ್ಯವಹಾರವನ್ನು ತೊರೆದವರು; ಗಳಿಕೆ ಇಲ್ಲದವರಿಗೆ ಗಳಿಸಿದ್ದನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಇರಲಿಲ್ಲ. ಆದರೆ ದುಡಿಮೆ, ವ್ಯಾಪಾರ, ಸಂಸಾರಗಳ ನಡುವೆಯೇ ಇದ್ದುಕೊಂಡು ಮಿತವ್ಯಯವನ್ನು ನಂಬಿಕೆಯ ಆಚರಣೆಯನ್ನಾಗಿ ಆಯ್ದುಕೊಂಡವರ ಇನ್ನೊಂದು ಧಾರೆಯೂ ಇದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಭಾಷಿಕ ಪ್ರಾಟೆಸ್ಟೆಂಟ್ ಲೋಕದಲ್ಲಿ ಇದು ವಿಶೇಷವಾಗಿ ಸ್ಪಷ್ಟವಾಗುತ್ತದೆ. ಮೆಥಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ (1703-1791), ಅಮೆರಿಕದ ನ್ಯೂಜೆರ್ಸಿಯ ಕ್ವೇಕರ್ ದರ್ಜಿ ಜಾನ್ ವುಲ್ಮನ್ (1720-1772), ಚಮ್ಮಾರಿಕೆಯಿಂದ ಬೋಧಕ ವೃತ್ತಿಗೆ ಬಂದು ಮುಂದೆ ಬಂಗಾಳದ ಶ್ರೀರಾಂಪುರದಲ್ಲಿ ನೆಲೆಸಿದ ವಿಲಿಯಂ ಕೇರಿ (1761-1834) ಈ ಧಾರೆಯ ಮೂವರು ಪ್ರಮುಖರು.

ಈ ಮೂವರ ಬದುಕು ಮತ್ತು ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಎಷ್ಟು ಕಡಿಮೆಯಲ್ಲಿ ಬದುಕಬಹುದು ಎಂಬುದು ಇವರ ಮುಖ್ಯ ಪ್ರಶ್ನೆಯಲ್ಲ. ಹಾಗೆ ಬದುಕಿದಾಗ ಉಳಿಯುವುದು ಯಾರಿಗೆ ಸೇರಿದ್ದು, ಹಾಗೆ ಬದುಕದಿದ್ದಾಗ ಅದರ ಬೆಲೆಯನ್ನು ತೆರುವವರು ಯಾರು ಎಂಬುದೇ ಇವರ ಪ್ರಶ್ನೆ. ಮಿತವ್ಯಯವು ಸದ್ಗುಣವಾಗುವುದೂ ಜಿಪುಣತನವಾಗುವುದೂ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ.

ಬೈಬಲಿನ ಹಿನ್ನೆಲೆ

ಈ ಚಿಂತನೆಯ ಬೇರುಗಳು ಬೈಬಲಿನಲ್ಲಿಯೇ ಇವೆ. ವಿಮೋಚನಕಾಂಡದಲ್ಲಿ ಬರುವ ಮನ್ನದ ಪ್ರಸಂಗವು ಅವುಗಳಲ್ಲಿ ಮುಖ್ಯವಾದುದು. ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರು ಆಯಾ ದಿನಕ್ಕೆ ಬೇಕಾದಷ್ಟು ಮಾತ್ರ ಮನ್ನವನ್ನು ಕೂಡಿಸಿಕೊಳ್ಳಬೇಕಾಗಿತ್ತು. ಮರುದಿನಕ್ಕೆಂದು ಉಳಿಸಿಕೊಂಡದ್ದು ಹುಳಬಿದ್ದು ನಾರಿತು. ಸಬ್ಬತ್ ದಿನದ ಮುನ್ನಾದಿನಕ್ಕೆ ಮಾತ್ರ ವಿನಾಯಿತಿಯಿತ್ತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ಇದೇ ಪ್ರಸಂಗವನ್ನು ನೆನಪಿಸಿ, ಒಬ್ಬರ ಸಮೃದ್ಧಿ ಇನ್ನೊಬ್ಬರ ಕೊರತೆಯನ್ನು ತುಂಬಬೇಕೆಂದು ವಾದಿಸುತ್ತಾನೆ. ಲೂಕನ ಸುವಾರ್ತೆಯ ಐಶ್ವರ್ಯವಂತನ ಸಾಮತಿಯಲ್ಲಿ ಹೆಚ್ಚಿದ ಬೆಳೆಗಾಗಿ ದೊಡ್ಡ ಕಣಜಗಳನ್ನು ಕಟ್ಟಲು ಹೊರಟವನನ್ನು ದೇವರು ಬುದ್ಧಿಹೀನನೆಂದು ಕರೆಯುತ್ತಾನೆ. ಅವನು ಕಳ್ಳತನ ಮಾಡಿದವನಲ್ಲ. ಉಳಿಕೆಯೆಲ್ಲವೂ ತನ್ನದೆಂದು ತಿಳಿದದ್ದೇ ಅವನ ತಪ್ಪು.

ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೆಯದ ಬಿಷಪ್ ಬೆಸಿಲನು ಈ ಸಾಮತಿಯನ್ನು ಕುರಿತು ನೀಡಿದ ಪ್ರವಚನದಲ್ಲಿ ಈ ತರ್ಕವನ್ನು ಕೊನೆಯವರೆಗೆ ಒಯ್ದನು. ಬಳಸದೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬಟ್ಟೆಯಿಲ್ಲದವನಿಗೆ ಸೇರಿದ್ದು, ಮನೆಯಲ್ಲಿ ಮಿಕ್ಕ ರೊಟ್ಟಿ ಹಸಿದವನಿಗೆ ಸೇರಿದ್ದು ಎಂಬುದು ಆತನ ನಿಲುವು. ಇಲ್ಲಿ ಕೊಡುಗೆಯು ದಾನವಾಗಿ ಉಳಿಯದೆ ಋಣಸಂದಾಯವಾಗುತ್ತದೆ. ವೆಸ್ಲಿ, ವುಲ್ಮನ್ ಮತ್ತು ಕೇರಿಯರು ನಿಂತ ನೆಲ ಇದು. ಆದರೆ ಅವರ ಕಾಲಕ್ಕೆ ಜಗತ್ತಿನ ವ್ಯಾಪಾರವು ಬೆಸಿಲನು ಊಹಿಸಲಾರದಷ್ಟು ವಿಸ್ತರಿಸಿತ್ತು. ಲಂಡನ್ನಿನ ಚಹದ ಬಟ್ಟಲಿನಲ್ಲಿ ಚೀನಾದ ಎಲೆಯೂ ವೆಸ್ಟ್ ಇಂಡೀಸಿನ ಗುಲಾಮರು ಬೆಳೆದ ಸಕ್ಕರೆಯೂ ಒಂದಾಗಿದ್ದವು.

ವೆಸ್ಲಿ: ಇಪ್ಪತ್ತೆಂಟು ಪೌಂಡಿನ ಬದುಕು

ವೆಸ್ಲಿಯು 1787ರ ಒಂದು ಪ್ರವಚನದಲ್ಲಿ ಆಕ್ಸ್‌ಫರ್ಡಿನ ಮೆಥಡಿಸ್ಟ್ ಯುವಕನೊಬ್ಬನ ಲೆಕ್ಕವನ್ನು ಹೇಳುತ್ತಾನೆ. ಮೊದಲ ವರ್ಷ ಅವನ ಆದಾಯ 30 ಪೌಂಡ್. 28ರಲ್ಲಿ ಬದುಕಿ 2 ಪೌಂಡನ್ನು ಕೊಟ್ಟನು. ಎರಡನೆಯ ವರ್ಷ ಆದಾಯ 60ಕ್ಕೆ ಏರಿತು. ಖರ್ಚು 28ರಲ್ಲಿಯೇ ನಿಂತು, 32 ಪೌಂಡ್ ಬಡವರ ಪಾಲಾಯಿತು. ಮೂರನೆಯ ವರ್ಷ 90ರಲ್ಲಿ 62, ನಾಲ್ಕನೆಯ ವರ್ಷ 120ರಲ್ಲಿ 92. ಈ ಯುವಕನು ವೆಸ್ಲಿಯೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ಇಲ್ಲಿ ಗಮನಿಸಬೇಕಾದುದು 28 ಎಂಬ ಅಂಕಿಯ ಸಣ್ಣತನವನ್ನಲ್ಲ, ಅದರ ಸ್ಥಿರತೆಯನ್ನು. ಆದಾಯ ಏರಿದಂತೆ ಅಗತ್ಯವೂ ಏರಬೇಕೆಂಬ ಲೋಕರೂಢಿಯನ್ನು ಈ ಲೆಕ್ಕ ಒಪ್ಪುವುದಿಲ್ಲ.

ಈ ನಿಲುವಿನ ಹಿಂದೆ ಒಂದು ಅನುಭವವಿದ್ದುದನ್ನು ವೆಸ್ಲಿಯೇ ಮುಪ್ಪಿನಲ್ಲಿ ನೆನೆದಿದ್ದಾನೆ. ಆಕ್ಸ್‌ಫರ್ಡಿನ ಒಂದು ಚಳಿಗಾಲದ ದಿನ ತೆಳುವಾದ ಬಟ್ಟೆಯನ್ನಷ್ಟೇ ತೊಟ್ಟ ಬಡ ಹುಡುಗಿಯೊಬ್ಬಳು ಅವನ ಬಳಿಗೆ ಬಂದಳು. ಕೊಡಲೆಂದು ಕಿಸೆಗೆ ಕೈಹಾಕಿದಾಗ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕೋಣೆಯ ಗೋಡೆಗಳನ್ನು ಅಲಂಕರಿಸಲು ಮಾಡಿದ ಖರ್ಚು ಆಗ ಅವನನ್ನು ಚುಚ್ಚಿತು. ಗೋಡೆಗೆ ತೊಡಿಸಿದ ಹಣ ಆ ಹುಡುಗಿಯ ಮೈಗೆ ಹೊದಿಕೆಯಾಗಬಹುದಾಗಿತ್ತು ಎಂದು ಅವನಿಗೆ ತೋರಿತು. ಚಿತ್ರವನ್ನು ಕೊಳ್ಳುವುದು ಸ್ವತಃ ಪಾಪವೆಂದು ವೆಸ್ಲಿಯು ಹೇಳುತ್ತಿಲ್ಲ. ಒಂದು ಖರ್ಚು ಇನ್ನೊಂದು ಖರ್ಚನ್ನು ಅಸಾಧ್ಯವಾಗಿಸುತ್ತದೆ ಎಂಬ ಲೆಕ್ಕಿಗನ ಸತ್ಯವನ್ನು ಅವನು ನೈತಿಕ ಸತ್ಯವಾಗಿ ಓದುತ್ತಾನೆ. 1776ರಲ್ಲಿ ಸುಂಕದ ಅಧಿಕಾರಿಗಳು ಅವನ ಬೆಳ್ಳಿಯ ಪಾತ್ರೆಗಳ ವಿವರವನ್ನು ಕೇಳಿದಾಗ, ಲಂಡನ್ನಿನಲ್ಲಿ ಎರಡು ಮತ್ತು ಬ್ರಿಸ್ಟಲಿನಲ್ಲಿ ಎರಡು ಬೆಳ್ಳಿಯ ಚಮಚಗಳಷ್ಟೇ ಇವೆಯೆಂದೂ, ಸುತ್ತಲಿನ ಜನಕ್ಕೆ ರೊಟ್ಟಿಯಿಲ್ಲದಿರುವಾಗ ಹೆಚ್ಚಿನದನ್ನು ಕೊಳ್ಳುವುದಿಲ್ಲವೆಂದೂ ಉತ್ತರ ಬರೆದನು.

1760ರಲ್ಲಿ ಪ್ರಕಟವಾದ ಹಣದ ಬಳಕೆಯನ್ನು ಕುರಿತ ಪ್ರವಚನದಲ್ಲಿ ವೆಸ್ಲಿಯು ಮೂರು ಸೂತ್ರಗಳನ್ನು ಮಂಡಿಸಿದನು. ಸಾಧ್ಯವಾದಷ್ಟು ಗಳಿಸುವುದು, ಸಾಧ್ಯವಾದಷ್ಟು ಉಳಿಸುವುದು, ಸಾಧ್ಯವಾದಷ್ಟು ಕೊಡುವುದು. ಗಳಿಕೆಗೆ ಅವನು ಹಾಕಿದ ಕಟ್ಟುಪಾಡುಗಳು ಕಠಿಣವಾಗಿವೆ. ದುಡಿಯುವವನ ಆರೋಗ್ಯವನ್ನಾಗಲಿ ಮನಸ್ಸನ್ನಾಗಲಿ ಕೆಡಿಸುವ, ನೆರೆಯವನ ಆಸ್ತಿಗೆ ಅಥವಾ ದೇಹಕ್ಕೆ ಹಾನಿ ತರುವ ವೃತ್ತಿ ಕೂಡದು. ಮದ್ಯವನ್ನು ಬಟ್ಟಿಯಿಳಿಸಿ ಮಾರುವವರನ್ನು ಅವನು ವಿಶೇಷವಾಗಿ ಖಂಡಿಸಿದನು. ಆಹಾರದ ಅಭಾವವನ್ನು ಕುರಿತು 1773ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಇದೇ ವಿಚಾರವು ಅರ್ಥಶಾಸ್ತ್ರದ ರೂಪವನ್ನು ತಾಳಿತು. ಧಾನ್ಯವು ಭಟ್ಟಿಗಳಿಗೆ ಹೋಗುವುದು, ಓಟ್ಸ್ ಧಾನ್ಯವು ಸಿರಿವಂತರ ಗಾಡಿಗಳ ಕುದುರೆಗಳಿಗೆ ಹೋಗುವುದು, ಸಣ್ಣ ಹಿಡುವಳಿಗಳು ದೊಡ್ಡ ಜಮೀನುಗಳಲ್ಲಿ ಲೀನವಾಗುವುದು, ದೊಡ್ಡ ಮನೆಗಳ ಭೋಗ, ತೆರಿಗೆಯ ಭಾರ ಇವು ಬಡವರ ಹಸಿವಿಗೆ ಕಾರಣಗಳೆಂದು ಆ ಬರಹ ವಿವರಿಸುತ್ತದೆ. ಹಸಿವು ದೈವೇಚ್ಛೆಯಲ್ಲ, ಬೇರೆಯವರ ಊಟದ ಮೇಜಿನ ಪರಿಣಾಮ ಎಂಬುದು ಇದರ ತಾತ್ಪರ್ಯ.

ಆದರೆ ಈ ಸೂತ್ರಗಳ ಒಳಗೇ ಒಂದು ವಿರೋಧಾಭಾಸ ಅಡಗಿತ್ತು. ಶ್ರಮಪಟ್ಟು ದುಡಿದು ಮಿತವಾಗಿ ಖರ್ಚು ಮಾಡುವವರು ಶ್ರೀಮಂತರಾಗುತ್ತಾರೆ. ಶ್ರೀಮಂತಿಕೆ ಬಂದಂತೆ ಮೊದಲಿನ ಧರ್ಮಶ್ರದ್ಧೆ ಕರಗುತ್ತದೆ. ತನ್ನ ಅನುಯಾಯಿಗಳಲ್ಲಿ ಹೀಗಾಗುವುದನ್ನು ವೆಸ್ಲಿಯು ಕಣ್ಣಾರೆ ಕಂಡನು. ಮೊದಲ ಎರಡು ಸೂತ್ರಗಳನ್ನು ಪಾಲಿಸುವವರು ಹಲವರು, ಮೂರನೆಯದನ್ನು ಪಾಲಿಸುವವರು ವಿರಳ ಎಂಬ ಕೊರಗು ಅವನ ಕೊನೆಯ ವರ್ಷಗಳ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904-05ರಲ್ಲಿ ಪ್ರಾಟೆಸ್ಟೆಂಟ್ ನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ಸಂಬಂಧವನ್ನು ಚರ್ಚಿಸುವಾಗ ವೆಸ್ಲಿಯ ಈ ಆತಂಕವನ್ನೇ ತನ್ನ ವಾದಕ್ಕೆ ಆಧಾರವಾಗಿ ಬಳಸಿಕೊಂಡನು. ಕೊಡುವಿಕೆಯಿಂದ ಬೇರ್ಪಟ್ಟ ಮಿತವ್ಯಯವು ಬಂಡವಾಳವನ್ನು ಕೂಡಿಹಾಕುವ ಯಂತ್ರವಾಗುತ್ತದೆ ಎಂಬ ಎಚ್ಚರಿಕೆಯನ್ನು ವೆಬರ್‌ಗಿಂತ ನೂರು ವರ್ಷ ಮೊದಲೇ ವೆಸ್ಲಿಯು ನೀಡಿದ್ದನು. ತನ್ನ ಮಟ್ಟಿಗೆ ಅವನು ಕೊನೆಯವರೆಗೂ ಅದನ್ನು ಪಾಲಿಸಿದನು. ಶವವಾಹನವಾಗಲಿ ಸಾರೋಟುಗಳಾಗಲಿ ಇಲ್ಲದೆ ಆರು ಮಂದಿ ಬಡವರು ತನ್ನ ದೇಹವನ್ನು ಹೊರಬೇಕು, ಅವರಿಗೆ ಆರು ಪೌಂಡನ್ನು ಹಂಚಬೇಕು ಎಂದು ಉಯಿಲಿನಲ್ಲಿ ಬರೆಸಿದ್ದನು.

ವುಲ್ಮನ್: ಬಣ್ಣವಿಲ್ಲದ ಉಡುಪು

ವೆಸ್ಲಿಯು ಗಳಿಕೆಯನ್ನು ಒಪ್ಪಿ ಉಳಿಕೆಯನ್ನು ಹಂಚಲು ಹೇಳಿದರೆ, ವುಲ್ಮನ್ ಗಳಿಕೆಯ ಹಂತದಲ್ಲಿಯೇ ಕೈತಡೆದನು. ದರ್ಜಿಯ ಕೆಲಸದ ಜೊತೆಗೆ ಅವನು ನಡೆಸುತ್ತಿದ್ದ ಅಂಗಡಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ವ್ಯಾಪಾರ ಹೆಚ್ಚಿದಂತೆ ಮನಸ್ಸಿನ ಭಾರವೂ ಹೆಚ್ಚುವುದನ್ನು ಕಂಡು, 1756ರ ಹೊತ್ತಿಗೆ ಅಂಗಡಿಯನ್ನು ಬಿಟ್ಟು ದರ್ಜಿಯ ಕೆಲಸ ಮತ್ತು ಹಣ್ಣಿನ ತೋಟಗಳಿಗೆ ತನ್ನನ್ನು ಸೀಮಿತಗೊಳಿಸಿಕೊಂಡನು. ನಷ್ಟದಿಂದ ಅಂಗಡಿ ಮುಚ್ಚಿದವರು ಬಹಳ ಮಂದಿ. ಲಾಭದಿಂದ ಮುಚ್ಚಿದವರು ಅಪರೂಪ.

ಈ ನಿರ್ಧಾರದ ಹಿನ್ನೆಲೆಯಲ್ಲಿ ಗುಲಾಮಗಿರಿಯ ಪ್ರಶ್ನೆಯಿತ್ತು. ಇಪ್ಪತ್ತರ ಹರೆಯದಲ್ಲಿ ಅಂಗಡಿಯೊಂದರ ನೌಕರನಾಗಿದ್ದಾಗ ಯಜಮಾನನ ಆಜ್ಞೆಯಂತೆ ಗುಲಾಮ ಹೆಣ್ಣೊಬ್ಬಳ ಮಾರಾಟಪತ್ರವನ್ನು ಅವನು ಬರೆದುಕೊಟ್ಟಿದ್ದನು. ಆ ಕೃತ್ಯ ಅವನನ್ನು ಜೀವಮಾನವಿಡೀ ಕಾಡಿತು. 1754ರಲ್ಲಿ ಗುಲಾಮಗಿರಿಯ ವಿರುದ್ಧ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ಗುಲಾಮರನ್ನು ಹೊಂದಿದ್ದ ಕ್ವೇಕರರ ಮನೆಗಳಿಗೆ ಹೋಗಿ ಅವರ ಮನವೊಲಿಸಲು ಯತ್ನಿಸಿದನು. ಗುಲಾಮರ ಸೇವೆಯ ಮೇಲೆ ನಿಂತ ಆತಿಥ್ಯ ದೊರೆತಲ್ಲಿ, ಆ ಸೇವೆಯ ಕೂಲಿಯೆಂದು ಬೆಳ್ಳಿಯ ನಾಣ್ಯಗಳನ್ನು ಅವರಿಗಾಗಿ ಕೊಟ್ಟುಬರುತ್ತಿದ್ದನು. 1760ರ ದಶಕದ ಆರಂಭದಲ್ಲಿ ಬಣ್ಣ ಹಾಕದ ಬಟ್ಟೆಯನ್ನೂ ಬಣ್ಣ ಹಾಕದ ಟೋಪಿಯನ್ನೂ ಧರಿಸತೊಡಗಿದನು. ಬಣ್ಣವು ಬಟ್ಟೆಯನ್ನು ಶುಚಿಗೊಳಿಸುವುದಿಲ್ಲ, ಕೊಳೆಯನ್ನು ಮರೆಮಾಡುತ್ತದೆ ಎಂಬುದು ಅವನ ವಾದ. ಆ ದಿನಗಳಲ್ಲಿ ಬಿಳಿಯ ಟೋಪಿ ಕೆಲವರ ಶೋಕಿಯೂ ಆಗಿದ್ದುದರಿಂದ ಅವನ ಸರಳತೆಯನ್ನು ಸ್ವಂತ ಸಮುದಾಯದವರೇ ಶಂಕಿಸಿದರು. ಸರಳತೆಯೂ ಪ್ರದರ್ಶನವಾಗಬಲ್ಲದು ಎಂಬ ಅರಿವಿನ ಕಷ್ಟವನ್ನು ಅವನ ದಿನಚರಿ ಮುಚ್ಚುಮರೆಯಿಲ್ಲದೆ ದಾಖಲಿಸಿದೆ.

ವುಲ್ಮನ್‌ನ ಮಿತವ್ಯಯವು ಹಣದ ಉಳಿತಾಯಕ್ಕಿಂತ ಬೇರೆಯಾದುದು ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ವೆಸ್ಟ್ ಇಂಡೀಸಿಗೆ ಪಯಣಿಸಲು ಯೋಚಿಸಿದಾಗ, ಗುಲಾಮರು ತಯಾರಿಸಿದ ಸರಕಿನ ಸಾಗಣೆಯಿಂದಾಗಿಯೇ ಹಡಗಿನ ಪ್ರಯಾಣದರ ಅಗ್ಗವಾಗಿದೆಯೆಂದು ಅವನಿಗೆ ತೋರಿತು. ಆದ್ದರಿಂದ ಇತರರು ಕೊಡುವುದಕ್ಕಿಂತ ಹೆಚ್ಚು ದರವನ್ನು ತೆರಬೇಕೆಂದು ಅವನು ಆಲೋಚಿಸಿದನು. ಅಗ್ಗದ ಬೆಲೆಯ ಹಿಂದೆ ಯಾರದೋ ಕೂಲಿಯಿಲ್ಲದ ದುಡಿಮೆ ಇದೆ ಎಂದು ತಿಳಿದ ಮೇಲೆ, ಅಗ್ಗವಾದುದನ್ನು ಆಯ್ದುಕೊಳ್ಳುವುದು ಮಿತವ್ಯಯವಾಗುವುದಿಲ್ಲ. ಮಿತವ್ಯಯವನ್ನು ಕುರಿತ ಚಿಂತನೆಯಲ್ಲಿ ಇದು ಬಹು ಮುಖ್ಯವಾದ ತಿರುವು. 1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಅಲಂಕೃತ ಕೋಣೆಯನ್ನು ನಿರಾಕರಿಸಿ ನಾವಿಕರಿರುವ ಕೆಳ ಅಂತಸ್ತಿನಲ್ಲಿ ಪ್ರಯಾಣ ಮಾಡಿದನು. ಕುದುರೆಗಳನ್ನೂ ಸವಾರ ಹುಡುಗರನ್ನೂ ದಣಿಸಿ ಕೊಲ್ಲುತ್ತಿದ್ದ ವೇಗದ ಗಾಡಿಗಳನ್ನು ಬಿಟ್ಟು ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯಲ್ಲಿಯೇ ಸಂಚರಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡನು. ನಾಲ್ಕು ವರ್ಷಗಳ ಅನಂತರ, 1776ರಲ್ಲಿ, ಫಿಲಡೆಲ್ಫಿಯದ ಕ್ವೇಕರ್ ವಾರ್ಷಿಕ ಸಭೆಯು ಗುಲಾಮರನ್ನು ಬಿಡುಗಡೆ ಮಾಡದ ಸದಸ್ಯರನ್ನು ಸಮುದಾಯದಿಂದ ಹೊರಗಿಡಲು ತೀರ್ಮಾನಿಸಿತು.

ಸಕ್ಕರೆಯಿಂದ ಶ್ರೀರಾಂಪುರಕ್ಕೆ

ವುಲ್ಮನ್ ಒಬ್ಬಂಟಿಯಾಗಿ ಮಾಡಿದ ವರ್ಜನೆಯು ಎರಡು ದಶಕಗಳಲ್ಲಿ ಸಾಮೂಹಿಕ ರೂಪವನ್ನು ಪಡೆಯಿತು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮಸೂದೆಯು 1791ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಸೋತಾಗ, ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಡಬೇಕೆಂಬ ಕರೆ ಇಂಗ್ಲೆಂಡಿನಾದ್ಯಂತ ಹಬ್ಬಿತು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರೆಂದು ಚಳವಳಿಯ ನಾಯಕ ಥಾಮಸ್ ಕ್ಲಾರ್ಕ್‌ಸನ್ ಅಂದಾಜಿಸಿದ್ದನು.

ವಿಲಿಯಂ ಕೇರಿಯು 1792ರಲ್ಲಿ ಪ್ರಕಟಿಸಿದ, ಮಿಷನರಿ ಚಳವಳಿಗೆ ನಾಂದಿಯಾದ ಕಿರುಗ್ರಂಥದ ಕೊನೆಯ ಭಾಗದಲ್ಲಿ ಈ ಸಕ್ಕರೆಯ ಪ್ರಸ್ತಾಪವಿದೆ. ಸಕ್ಕರೆ ಬಿಟ್ಟ ಕುಟುಂಬಗಳಿಗೆ ವಾರಕ್ಕೆ ಆರು ಪೆನ್ಸಿನಿಂದ ಒಂದು ಷಿಲಿಂಗಿನವರೆಗೆ ಉಳಿಯುತ್ತಿದೆ. ಆ ಉಳಿಕೆಯನ್ನು ಧರ್ಮಕಾರ್ಯಕ್ಕೆ ಕೊಡಬಹುದಲ್ಲವೇ ಎಂಬುದು ಅವನ ಸಲಹೆ. ಒಂದೇ ತ್ಯಾಗದಲ್ಲಿ ವುಲ್ಮನ್‌ನ ವಿಚಾರವೂ ವೆಸ್ಲಿಯ ವಿಚಾರವೂ ಇಲ್ಲಿ ಕೂಡಿಕೊಳ್ಳುತ್ತವೆ. ಅನ್ಯಾಯದ ವಸ್ತುವಿನಿಂದ ಕೈ ಶುದ್ಧವಾಗುತ್ತದೆ. ಶುದ್ಧವಾದ ಕೈಯಲ್ಲಿ ಉಳಿದ ಹಣ ಬೇರೆಯವರಿಗೆ ಸಲ್ಲುತ್ತದೆ. ಅದೇ ವರ್ಷದ ಅಕ್ಟೋಬರ್ 2ರಂದು ಕೆಟರಿಂಗ್ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಸ್ಥಾಪನೆಯಾದಾಗ ಸದಸ್ಯರು ವಾಗ್ದಾನ ಮಾಡಿದ ಮೊತ್ತ 13 ಪೌಂಡ್ 2 ಷಿಲಿಂಗ್ 6 ಪೆನ್ಸ್.

1793ರಲ್ಲಿ ಬಂಗಾಳಕ್ಕೆ ಬಂದ ಕೇರಿಯು 1800ರಲ್ಲಿ ಡೇನರ ಆಡಳಿತದಲ್ಲಿದ್ದ ಶ್ರೀರಾಂಪುರದಲ್ಲಿ ಜೋಷುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಅವರೊಂದಿಗೆ ನೆಲೆಸಿದನು. ಮೊರಾವಿಯನ್ ಸಮುದಾಯದ ಮಾದರಿಯಲ್ಲಿ ಇಲ್ಲಿ ಒಂದೇ ಅಡುಗೆಮನೆ, ಒಂದೇ ನಿಧಿ. ಯಾರೂ ಸ್ವಂತ ವ್ಯಾಪಾರ ಮಾಡುವಂತಿರಲಿಲ್ಲ. ಎಲ್ಲರ ಗಳಿಕೆಯೂ ಸಾಮಾನ್ಯ ನಿಧಿಗೆ ಸೇರಬೇಕಾಗಿತ್ತು. 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಗೆ ದೊರೆತ ವೇತನ ತಿಂಗಳಿಗೆ 500 ರೂಪಾಯಿ. 1807ರ ಹೊತ್ತಿಗೆ ಅದು 1000 ರೂಪಾಯಿಯಾಯಿತು. ಮಾರ್ಷ್‌ಮನ್ ದಂಪತಿಗಳ ವಸತಿಶಾಲೆಯ ಆದಾಯವೂ ಗಣನೀಯವಾಗಿತ್ತು. ಅಲ್ಪ ಭತ್ಯೆಯನ್ನು ಬಿಟ್ಟರೆ ಇವೆಲ್ಲವೂ ನಿಧಿಗೆ ಸೇರಿದವು. ಅನುವಾದ, ಅಚ್ಚುಕೂಟ, ಶಾಲೆಗಳು ಬೆಳೆದದ್ದು ಬಹುಮಟ್ಟಿಗೆ ಈ ನಿಧಿಯ ಬಲದಿಂದ.

ಕನ್ನಡದ ವಿದ್ವತ್ ಲೋಕಕ್ಕೆ ಈ ನಿಧಿಯೊಡನೆ ನೇರವಾದ ಸಂಬಂಧವಿದೆ. ಕೇರಿಯು ಇಂಗ್ಲಿಷಿನಲ್ಲಿ ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಂಪುರದಲ್ಲಿಯೇ ಅಚ್ಚಾಯಿತು. ಕನ್ನಡವನ್ನು ಕುರಿತು ಮುದ್ರಣ ಕಂಡ ಅತ್ಯಂತ ಮೊದಲ ಕೃತಿಗಳಲ್ಲಿ ಇದೂ ಒಂದು. ಗ್ರಂಥಾಲಯಗಳ ಅಪೂರ್ವ ಪುಸ್ತಕಗಳ ಸಾಲಿನಲ್ಲಿ ಈ ಹೊತ್ತಗೆಯನ್ನು ಕಾಣುವ ಸಂಶೋಧಕನು ಅದರ ಭಾಷಾಶಾಸ್ತ್ರೀಯ ಗುಣದೋಷಗಳನ್ನು ವಿವೇಚಿಸುವುದು ಯುಕ್ತವೇ. ಅದರ ಅಚ್ಚಿನ ವೆಚ್ಚದ ಹಿಂದೆ ಬಳಸದೆ ಬಿಟ್ಟ ಸಂಬಳದ ಹಣ ಇದ್ದುದೂ ಆ ಕೃತಿಯ ಚರಿತ್ರೆಯ ಭಾಗವಾಗಿದೆ.

ಕನ್ನಡ ಪರಂಪರೆಯೊಡನೆ ಒಂದು ತೌಲನಿಕ ನೋಟ

ಕನ್ನಡದ ಓದುಗನಿಗೆ ಈ ವಿಚಾರಗಳು ಅಪರಿಚಿತವೆನಿಸಲಾರವು. ಹನ್ನೆರಡನೆಯ ಶತಮಾನದ ಶರಣರ ಕಾಯಕ ಮತ್ತು ದಾಸೋಹಗಳ ಪರಿಕಲ್ಪನೆಯಲ್ಲಿ ದುಡಿಮೆ ಮತ್ತು ಹಂಚಿಕೆಗಳು ಒಂದನ್ನೊಂದು ಬಿಟ್ಟಿರುವುದಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಪ್ಪದೆ ಮರಳಿಸಲು ಹೇಳಿದ ಪ್ರಸಂಗ ಶರಣ ಸಾಹಿತ್ಯದಲ್ಲಿ ಸುಪ್ರಸಿದ್ಧ. ಈ ಎರಡು ಪರಂಪರೆಗಳ ನಡುವೆ ಕೊಳುಕೊಡೆ ನಡೆದಿತ್ತೆಂದು ಹೇಳುವಂತಿಲ್ಲ. ಹೋಲಿಕೆ ಪ್ರಶ್ನೆಯ ಮಟ್ಟದ್ದು. ಲಕ್ಕಮ್ಮನ ನಿಲುವು ವೆಸ್ಲಿಗಿಂತ ವುಲ್ಮನ್‌ಗೆ ಹತ್ತಿರವಾದುದು ಎಂಬುದು ಗಮನಾರ್ಹ. ಹೆಚ್ಚುವರಿಯನ್ನು ಮನೆಗೆ ತಂದು ಆಮೇಲೆ ಹಂಚುವುದಕ್ಕಿಂತ, ಹೆಚ್ಚುವರಿಯ ಆಸೆಯನ್ನು ಹೊಸ್ತಿಲಲ್ಲಿಯೇ ತಡೆಯುವುದು ಇಬ್ಬರ ದಾರಿ. ಮನ್ನವನ್ನು ಕೂಡಿಟ್ಟರೆ ಹುಳ ಬೀಳುತ್ತದೆ ಎಂಬ ಕಥೆಯ ತಿಳಿವಳಿಕೆಯೂ ಇದೇ.

ಮಿತಿಗಳು

ಈ ಜೀವನಕ್ರಮದ ಮಿತಿಗಳನ್ನು ಗಮನಿಸದೆ ಅದರ ವಿವೇಚನೆ ಪೂರ್ಣವಾಗದು. ಮೊದಲನೆಯದಾಗಿ, ಒಬ್ಬನು ಆಯ್ದುಕೊಂಡ ಸರಳತೆಯ ಭಾರವನ್ನು ಆಯ್ದುಕೊಳ್ಳದ ಇನ್ನೊಬ್ಬರು ಹೊರಬೇಕಾಗಬಹುದು. ಕೇರಿಯ ಪತ್ನಿ ಡೊರೊಥಿ ಮೊದಲಿಗೆ ಭಾರತಕ್ಕೆ ಬರಲು ಒಪ್ಪಿರಲಿಲ್ಲ. ಬಂದ ಮೇಲಿನ ಆರಂಭದ ದಿನಗಳು ಬಡತನ ಮತ್ತು ಕಾಯಿಲೆಗಳಲ್ಲಿ ಕಳೆದವು. 1794ರಲ್ಲಿ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡನು. ಡೊರೊಥಿಯ ಮನಸ್ಸು ಕದಡಿತು. 1807ರಲ್ಲಿ ಸಾಯುವವರೆಗೂ ಅದು ತಿಳಿಯಾಗಲಿಲ್ಲ. ಕೇರಿಯ ಸಾಧನೆಯ ಲೆಕ್ಕದಲ್ಲಿ ಈ ಮೊತ್ತವನ್ನೂ ಬರೆಯಬೇಕಾಗುತ್ತದೆ. ಯಾರ ಬೆಲೆಯಲ್ಲಿ ಎಂಬ ಪ್ರಶ್ನೆಯನ್ನು ಸಕ್ಕರೆಗೆ ಕೇಳಿದ ಪರಂಪರೆಯು ಅದನ್ನು ತನ್ನ ಮನೆಯೊಳಗೆ ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ.

ಎರಡನೆಯದಾಗಿ, ಸಾಮಾನ್ಯ ನಿಧಿಯ ಒಡೆತನವೇ ವಿವಾದವಾಯಿತು. ಶ್ರೀರಾಂಪುರದವರು ತಮ್ಮ ದುಡಿಮೆಯಿಂದ ಕೊಂಡ ಆಸ್ತಿಯ ಮೇಲೆ ಇಂಗ್ಲೆಂಡಿನ ಸಂಘಕ್ಕೆ ಎಷ್ಟು ಅಧಿಕಾರವೆಂಬ ಜಗಳ ಬೆಳೆದು, 1827ರಲ್ಲಿ ಎರಡೂ ಬೇರ್ಪಟ್ಟವು. ಮತ್ತೆ ಒಂದಾದದ್ದು 1837ರಲ್ಲಿ, ಕೇರಿಯು ತೀರಿಕೊಂಡ ಮೂರು ವರ್ಷಗಳ ಮೇಲೆ. ಯಾರದೂ ಅಲ್ಲ ಎಂದು ಕೂಡಿಟ್ಟದ್ದು ಯಾರದು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಕೇರಿಯಾದರೋ ತನ್ನ ಉಯಿಲಿನಲ್ಲಿ ಶ್ರೀರಾಂಪುರದ ಆಸ್ತಿಯ ಮೇಲಿನ ಹಕ್ಕನ್ನು ಸ್ಪಷ್ಟವಾಗಿ ತೊರೆದನು.

ಮೂರನೆಯದಾಗಿ, ಆಯ್ದುಕೊಂಡ ಕೊರತೆಗೂ ಹೇರಲ್ಪಟ್ಟ ಕೊರತೆಗೂ ಅಂತರವಿದೆ. ಬಿಡಲು ಏನಾದರೂ ಇದ್ದವನು ಮಾತ್ರ ಬಿಡಬಲ್ಲನು. ಹೊತ್ತಿನ ಊಟಕ್ಕೆ ಪರದಾಡುವವನಿಗೆ ಸರಳತೆಯನ್ನು ಬೋಧಿಸುವುದು ಅನ್ಯಾಯಕ್ಕೆ ಧರ್ಮದ ಹೊದಿಕೆಯನ್ನು ಹೊದಿಸಿದಂತೆ. ವೆಸ್ಲಿಯೂ ವುಲ್ಮನ್‌ನೂ ತಮ್ಮ ಮಾತನ್ನು ಉಳ್ಳವರಿಗೇ ಹೇಳಿದರೆಂಬುದನ್ನು ಇಲ್ಲಿ ನೆನೆಯಬೇಕು.

ಸಮಾರೋಪ

ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರ ಮತ್ತೆ ಚರ್ಚೆಗೆ ಬಂದಿತು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಡೆದ ಇವ್ಯಾಂಜೆಲಿಕಲ್ ಸಮ್ಮೇಳನದ ಒಡಂಬಡಿಕೆಯು, ಅನುಕೂಲಸ್ಥರು ಸರಳ ಜೀವನವನ್ನು ರೂಢಿಸಿಕೊಂಡು ಹೆಚ್ಚು ಉದಾರವಾಗಿ ಕೊಡಬೇಕೆಂಬ ಬದ್ಧತೆಯನ್ನು ಒಳಗೊಂಡಿತ್ತು. 1980ರಲ್ಲಿ ಇಂಗ್ಲೆಂಡಿನ ಹಾಡೆಸ್ಡನ್ ಊರಿನಲ್ಲಿ ಈ ಒಂದು ವಿಷಯಕ್ಕಾಗಿಯೇ ಅಂತರರಾಷ್ಟ್ರೀಯ ಸಮಾಲೋಚನೆ ನಡೆಯಿತು. ಚರ್ಚೆಯ ಪರಿಭಾಷೆ ಬದಲಾಗಿದ್ದರೂ ಅದರ ಕೇಂದ್ರ ಹದಿನೆಂಟನೆಯ ಶತಮಾನದ್ದೇ ಆಗಿದೆ.

ಒಟ್ಟಿನಲ್ಲಿ, ಈ ಪರಂಪರೆಯಲ್ಲಿ ಸರಳ ಜೀವನವು ವಸ್ತುಗಳ ಮೇಲಿನ ತಿರಸ್ಕಾರದಿಂದ ಹುಟ್ಟಿದ್ದಲ್ಲ. ಪ್ರತಿ ವಸ್ತುವಿನ ಹಿಂದೆ ಒಂದು ದೇಹವಿದೆ, ಚಳಿಯಲ್ಲಿ ನಡುಗುವ ಹುಡುಗಿಯ ಅಥವಾ ಕಬ್ಬಿನ ತೋಟದ ಗುಲಾಮನ ದೇಹ, ಎಂಬ ಕಾಣ್ಕೆಯಿಂದ ಹುಟ್ಟಿದ್ದು. ಆ ದೇಹ ಕಣ್ಣಿಗೆ ಬೀಳುವವರೆಗೆ ಮಿತವ್ಯಯವು ಬರಿಯ ಲೆಕ್ಕಾಚಾರ; ಕಂಡ ಮೇಲೆ ಅದೇ ಲೆಕ್ಕಾಚಾರವು ನಂಬಿಕೆಯ ಆಚರಣೆಯಾಗುತ್ತದೆ. ವೆಸ್ಲಿಯ ಇಪ್ಪತ್ತೆಂಟು ಪೌಂಡು, ವುಲ್ಮನ್‌ನ ಬಣ್ಣವಿಲ್ಲದ ಟೋಪಿ, ಶ್ರೀರಾಂಪುರದ ಒಂದೇ ನಿಧಿ ಇವು ಮೂರೂ ಈ ಕಾಣ್ಕೆಯ ಭಿನ್ನ ರೂಪಗಳು. ಡೊರೊಥಿಯ ಮೌನ ಈ ಕಾಣ್ಕೆ ತಲುಪದೆ ಹೋದ ಎಡೆಯನ್ನು ತೋರಿಸುತ್ತದೆ.